ಐರನ್ ಔಟ್: ಸಣ್ಣ ತಕರಾರಿಗೆ ಸರಿಯಾದ ಇಂಗ್ಲಿಷ್ ಮಾತು

ಕಲಬುರಗಿಯ ಗಂಜ್‌ನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ದಾಲ್ ಮಿಲ್‌ಗಳಲ್ಲಿ ಲೆಕ್ಕ ಬರೆಯುವ ಹುಡುಗ ಹುಡುಗಿಯರಿಗೆ ನಾನು ಸಂಜೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅವರಿಗೆ ವ್ಯಾಕರಣಕ್ಕಿಂತ ಮೊದಲು ಬೇಕಾದದ್ದು ಚೆನ್ನೈ ವ್ಯಾಪಾರಿಗೆ ಇವತ್ತೇ ಕಳಿಸಬೇಕಾದ ಮೇಲ್. ಗುಲ್ಬರ್ಗಾ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಒಂದು ಪ್ರದೇಶದ ವಿಶೇಷ ಮಾಲಿಗೆ ಕೊಡುವ ಗುರುತು, ಸಿಕ್ಕಿದೆ. ಅಷ್ಟು ಹೆಸರಿರುವ ಮಾಲು ಮಾರುವವರ ಮೇಲ್ ಕೂಡ ಗಟ್ಟಿಯಾಗಿರಬೇಕು ಅನ್ನುವುದು ನನ್ನ ಆಸೆ. ಅದಕ್ಕೇ 'ಐರನ್ ಔಟ್' ಅನ್ನು ಚೆನ್ನಾಗಿ ಕಲಿಸುತ್ತೇನೆ.

ಐರನ್ ಅಂದರೆ ಇಸ್ತ್ರಿ ಮಾಡು. ಬಟ್ಟೆ ಒಗೆದಾಗಿದೆ, ಒಣಗಿದೆ, ಸುಕ್ಕು ಮಾತ್ರ ಉಳಿದಿದೆ. 'ಐರನ್ ಔಟ್' ಬಳಸುವುದೂ ಅಂಥ ಹೊತ್ತಿನಲ್ಲೇ. ಮುಖ್ಯ ಮಾತು ಮುಗಿದಿರುತ್ತದೆ, ಸಣ್ಣಪುಟ್ಟ ತೊಡಕು ಬಗೆಹರಿಸುವುದು ಬಾಕಿ ಇರುತ್ತದೆ.

ಕ್ವಿಂಟಲ್ ರೇಟು ಒಪ್ಪಿಗೆಯಾಯಿತು ಅನ್ನಿ. ಲಾರಿ ಬಾಡಿಗೆ ಯಾರದು, ಖಾಲಿ ಚೀಲದ ತೂಕ ಕಳೆಯಬೇಕೋ ಬೇಡವೋ, ತೇವ ಜಾಸ್ತಿ ಇದ್ದರೆ ಎಷ್ಟು ಕಡಿಮೆ ಮಾಡಬೇಕು, ಇಷ್ಟೇ ಉಳಿದಿದೆ. ಆಗ ಹೀಗೆ ಬರೆಯಿರಿ: 'ದ ರೇಟ್ ಈಸ್ ಫೈನಲ್. ವಿ ಸ್ಟಿಲ್ ಹ್ಯಾವ್ ಟು ಐರನ್ ಔಟ್ ಎ ಫ್ಯೂ ಡೀಟೇಲ್ಸ್.' ಓದಿದವರಿಗೆ ವ್ಯವಹಾರ ಕುದುರಿದೆ ಅಂತ ಧೈರ್ಯ ಬರುತ್ತದೆ. ಅದೇ ಜಾಗದಲ್ಲಿ 'ವಿ ಹ್ಯಾವ್ ಎ ಪ್ರಾಬ್ಲಮ್' ಅಂದರೆ ಸುಮ್ನೆ ಗಾಬರಿ ಅಲ್ವಾ?

ದೊಡ್ಡ ತಕರಾರಿಗೆ ಮಾತ್ರ ಇದು ಬೇಡ. ಲಾರಿ ತುಂಬ ಬೇಳೆ ಹೋಗಿದೆ, ತಿಂಗಳು ಕಳೆದರೂ ದುಡ್ಡು ಬಂದಿಲ್ಲ. ಅಲ್ಲಿ 'ಐರನ್ ಔಟ್' ಅಂದರೆ ನಿಮಗೆ ಬರಬೇಕಾದ ಹಣವನ್ನು ನೀವೇ ಸಣ್ಣ ವಿಷಯ ಮಾಡಿದಂತೆ. 'ಪ್ಲೀಸ್ ಸೆಟಲ್ ದ ಪೇಮೆಂಟ್' ಅಂತ ನೇರವಾಗಿ ಬರೆಯಿರಿ. ಇದನ್ನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಮೆತ್ತಗೆ ಬರೆದರೇ ಮರ್ಯಾದೆ ಅಂತ ಬಹಳ ಮಕ್ಕಳು ತಿಳಿದಿದ್ದಾರೆ. ನೇರ ಮಾತಿಗೆ 'ಪ್ಲೀಸ್' ಸೇರಿಸಿದರೆ ಮರ್ಯಾದೆ ಎಲ್ಲೂ ಹೋಗುವುದಿಲ್ಲ.

'ಸಾರ್ಟ್ ಔಟ್' ಸಣ್ಣದಕ್ಕೂ ದೊಡ್ಡದಕ್ಕೂ ನಡೆಯುತ್ತದೆ. ಬಿಲ್ಲಿನ ತಪ್ಪಿಗೂ ಸರಿ, ಬರದ ದುಡ್ಡಿಗೂ ಸರಿ. ಆದರೆ ಮನುಷ್ಯರ ಜೊತೆ ಬಳಸುವಾಗ ಹುಷಾರು. 'ಐ ವಿಲ್ ಸಾರ್ಟ್ ಹಿಮ್ ಔಟ್' ಅಂದರೆ ಬ್ರಿಟಿಷರ ಆಡುಮಾತಿನಲ್ಲಿ 'ಅವನಿಗೆ ಬುದ್ಧಿ ಕಲಿಸುತ್ತೇನೆ' ಅನ್ನುವ ಬೆದರಿಕೆಯೂ ಆಗಬಹುದು.

ಇನ್ನು ಪದಗಳ ಜಾಗ. 'ಐರನ್ ಔಟ್ ದ ಇಶ್ಯೂಸ್', 'ಐರನ್ ದ ಇಶ್ಯೂಸ್ ಔಟ್' ಎರಡೂ ಸರಿ. 'ಇಟ್', 'ದೆಮ್' ಬಂದರೆ ಮಾತ್ರ ನಡುವೆಯೇ ಕೂರಬೇಕು: 'ಐರನ್ ದೆಮ್ ಔಟ್'. 'ಐರನ್ ಔಟ್ ದೆಮ್' ತಪ್ಪು. ಕೆಲಸ ಮುಗಿದಿದ್ದರೆ 'ಐರನ್ಡ್ ಔಟ್'. ಇಬ್ಬರು ಪಾಲುದಾರರ ನಡುವಿನ ಭಿನ್ನಾಭಿಪ್ರಾಯ ಸರಿಮಾಡಿಕೊಂಡರೆ 'ದೇ ಐರನ್ಡ್ ಔಟ್ ದೇರ್ ಡಿಫರೆನ್ಸಸ್'.

ಹೈದರಾಬಾದಿನ ಕಾಲ್ ಸೆಂಟರ್ ಕೆಲಸಕ್ಕೆ ಹೋಗುವವರು ಉಚ್ಚಾರವನ್ನೂ ಗಮನಿಸಿ. ಕನ್ನಡದಲ್ಲಿ ಐರನ್ ಅಂತ ಬರೆದರೂ ಬ್ರಿಟಿಷರು ಸಾಮಾನ್ಯವಾಗಿ 'ಐಅನ್' ಅನ್ನುತ್ತಾರೆ, ಅಮೆರಿಕದವರು 'ಐಅರ್ನ್'.

ಈಗ ಇದನ್ನು ನೀವೇ ಇಂಗ್ಲಿಷಿಗೆ ತನ್ನಿ: 'ರೇಟು ಮುಗೀತು, ತೂಕದ ತಕರಾರು ನಾಳೆ ಬಗೆಹರಿಸೋಣ.' ಬರೆದ ಮೇಲೆ ನನ್ನ ಉತ್ತರ ನೋಡಿ: 'ದ ರೇಟ್ ಈಸ್ ಫೈನಲ್. ಲೆಟ್ಸ್ ಐರನ್ ಔಟ್ ದ ವೇಟ್ ಇಶ್ಯೂ ಟುಮಾರೋ.'