ಮಾರ್ಷಲ್ ಲಾಗೆ ಜಪಾನೀ ಪದ: ಡಿಕ್ಷನರಿ ಬದಿಗಿಟ್ಟ ಮೇಲೆ ಕೆಲಸ ಕೂಡಿಬಂತು

ಏಷ್ಯಾದ ಮಿಲಿಟರಿ ಆಳ್ವಿಕೆ ಬಗ್ಗೆ ಒಂದು ಡಾಕ್ಯುಮೆಂಟರಿ, ಇಂಗ್ಲಿಷಿನಿಂದ ಜಪಾನೀ ಸಬ್‌ಟೈಟಲ್. ಕಾರಿನ ಮ್ಯಾನ್ಯುಯಲ್ ಅನುವಾದ ಮಾಡೋನಿಗೆ ಇದೆಲ್ಲ ಯಾಕೆ ಅಂತ ಗೆಳೆಯರು ನಕ್ಕರು. ‘ಇಂಗ್ಲಿಷ್ ಪದ ಬಿಡಿ, ಯಾರು ಯಾವ ಕಾನೂನಿನಡಿ ಘೋಷಿಸಿದರು ನೋಡಿ’ ಅಂದರೆ ಏಜೆನ್ಸಿಯ ಎಡಿಟರ್ ಕೂಡ ನಂಬಲಿಲ್ಲ. ಈಗ ನನ್ನ ಪಟ್ಟಿಯನ್ನೇ ಬಳಸುತ್ತಿದ್ದಾರೆ!

ಏಜೆನ್ಸಿಯ ಗ್ಲಾಸರಿಯಲ್ಲಿ (ಪದಪಟ್ಟಿಯಲ್ಲಿ) ಮಾರ್ಷಲ್ ಲಾ (ಸೇನಾ ಕಾನೂನು) ಅಂದರೆ ‘ಕಾಯ್‌ಗೆನ್‌ರೇ’, ಮಿಲಿಟರಿ ರೂಲ್ ಅಂದರೆ ‘ಗುನ್‌ಸೇ’. ಬರ್ಮಾದಲ್ಲಿ ಇದು ಕೈಕೊಟ್ಟಿತು. 1942ರಲ್ಲಿ ಅಲ್ಲಿ ಗುನ್‌ಸೇ ನಡೆಸಿದ್ದು ಜಪಾನಿನ ಸೇನೆಯೇ. 1962ರಲ್ಲಿ ಬರ್ಮಾದ್ದೇ ಜನರಲ್ ನೆ ವಿನ್ ಅಧಿಕಾರ ಕಿತ್ತುಕೊಂಡದ್ದಕ್ಕೂ ಅದೇ ಪದ ಹಾಕಿದರೆ, ಯಾರ ಸೇನೆ ಅಂತ ನೋಡುವವರಿಗೆ ಗೊತ್ತಾಗಬೇಕಲ್ವಾ? ಪತ್ರಿಕೆಗಳು ಎರಡಕ್ಕೂ ಅದನ್ನೇ ಬರೆಯುತ್ತವೆ, ನಿಜ. ನಾನು ಮಾತ್ರ ನೆ ವಿನ್‌ಗೆ ‘ಗುನ್‌ಜಿ ಸೇಕೆನ್’ (ಮಿಲಿಟರಿ ಸರ್ಕಾರ) ಹಾಕಿದೆ. ಎರಡು ಕಾಂಜಿ (ಜಪಾನೀಯಲ್ಲಿ ಬಳಸುವ ಚೀನೀ ಅಕ್ಷರ) ಇದ್ದದ್ದು ನಾಲ್ಕಾಯಿತು. ಜಪಾನೀ ಸಬ್‌ಟೈಟಲ್‌ಗೆ ಸೆಕೆಂಡಿಗೆ ನಾಲ್ಕೇ ಅಕ್ಷರ ಅನ್ನೋ ಲೆಕ್ಕದಲ್ಲಿ ಒಂದು ಸೆಕೆಂಡ್ ಅಲ್ಲೇ ಖರ್ಚು. ಸಾಲು ಕತ್ತರಿಸಿ ಕತ್ತರಿಸಿ ಸುಸ್ತಾದೆ.

ನಮ್ಮ 1975ರ ಎಮರ್ಜೆನ್ಸಿಗೆ ಮೆಷಿನ್ ಅನುವಾದ ಕೊಟ್ಟದ್ದು ‘ಕಿನ್‌ಕ್ಯೂ ಜಿತಾಯ್ ಸೆಂಗೆನ್’. ಅದು 2020ರಲ್ಲಿ ಜಪಾನ್ ಕೊರೋನಾಕ್ಕೆ ಹೊರಡಿಸಿದ ಘೋಷಣೆಯ ಹೆಸರು. ಓದುವವರಿಗೆ ಇಂದಿರಾ ಗಾಂಧಿ ಬದಲು ಮಾಸ್ಕ್ ನೆನಪಾಗುತ್ತದೆ. ಅದರ ಬದಲು, ತುರ್ತು ಪರಿಸ್ಥಿತಿ ಘೋಷಣೆ ಅಂತಲೇ ಅರ್ಥ ಬರುವ ‘ಹಿಜೋ ಜಿತಾಯ್ ಸೆಂಗೆನ್’ ಇಟ್ಟೆ.

ಕೊರಿಯಾದಲ್ಲಿ ನನ್ನ ಮಾತು ಗೆದ್ದಿತು. 2024ರ ಡಿಸೆಂಬರ್ 3ರಂದು ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷ ಯೂನ್ ಸುಕ್ ಯೋಲ್ ಘೋಷಿಸಿದ್ದಕ್ಕೆ ಇಂಗ್ಲಿಷ್ ಸ್ಕ್ರಿಪ್ಟಿನಲ್ಲಿ ಸುಮ್ನೆ ಮಾರ್ಷಲ್ ಲಾ. ಕೊರಿಯಾ ಸಂವಿಧಾನದಲ್ಲಿ ಅದು ಎರಡು ಬಗೆ. ನಾನು ಇಂಗ್ಲಿಷ್ ಬಿಟ್ಟು ನೇರವಾಗಿ ಕೊರಿಯನ್ ಪದದ ಕಾಂಜಿ ಹಿಡಿದೆ: ‘ಹಿಜೋ ಕಾಯ್‌ಗೆನ್’, ಅಂದರೆ ತುರ್ತು ಬಗೆಯದು. ಜಪಾನೀ ಪತ್ರಿಕೆಗಳಲ್ಲೂ ಅದೇ ಇತ್ತು. ಕೊನೆಯಲ್ಲಿ ‘ರೇ’ (ಆಜ್ಞೆ, ಕಾಯಿದೆ) ಇಲ್ಲ ನೋಡಿ. ಕಾಯ್‌ಗೆನ್‌ರೇ ಅನ್ನೋದು ಜಪಾನಿನದೇ 1882ರ ಕಾಯಿದೆಯ ಹೆಸರು. 1923ರ ಭೂಕಂಪದಲ್ಲೂ 1936ರ ಸೈನಿಕ ದಂಗೆಯಲ್ಲೂ ಅದರ ಕಲಮುಗಳನ್ನೇ ಬಳಸಿದ್ದರು.

ಹಾಗಾದರೆ ಎಲ್ಲ ಕಡೆ ‘ರೇ’ ಕಿತ್ತರೆ ಹೇಗೆ? ಅದನ್ನೂ ಮಾಡಿ ನೋಡಿದೆ. 1972ರ ಫಿಲಿಪ್ಪೀನ್ಸ್‌ನ ಮಾರ್ಕೋಸ್‌, 1981ರ ಪೋಲೆಂಡ್, ಎರಡೂ ಓದಲು ವಿಚಿತ್ರವಾದವು. ಜನಕ್ಕೆ ಅಲ್ಲಿ ‘ರೇ’ ರೂಢಿ. ವಾಪಸ್ ಹಾಕಿದೆ.

ದುಡ್ಡಿನ ವಿಷಯ ಕೇಳಬೇಡಿ. ಸುಮಾರು 40,000ದ ಕೆಲಸ. ಎರಡನೇ ಸುತ್ತಿನ ತಿದ್ದುಪಡಿಗೆ ಬಿಡಿಗಾಸೂ ಬರಲಿಲ್ಲ. ಹಳೇ ಪತ್ರಿಕೆಗಳಲ್ಲಿ ನಾನು ಹೇಗೆ ಹುಡುಕುತ್ತೇನೆ ಅನ್ನೋದನ್ನೂ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಈಗ 1930ರ ಸೊಲ್ಲಾಪುರದ ಮಾರ್ಷಲ್ ಲಾ ಬಗ್ಗೆ ಒಂದು ಲೇಖನ ಬಂದಿದೆ. ಅದಕ್ಕೆ ಕಾಯ್‌ಗೆನ್‌ರೇ ಕಣ್ಣುಮುಚ್ಚಿ ಹಾಕಬಹುದು. ಆದರೂ ಈ ಸಲ ತಿದ್ದುಪಡಿಯ ರೇಟು ಮೊದಲೇ ಮಾತಾಡಿಕೊಂಡಿದ್ದೇನೆ.