ನಿರಾಸೆ ಮಾಡಿದ ವಲಸೆ ಕಾದಂಬರಿಗೆ ವಿಮರ್ಶೆ ಬರೆಯುವುದು ಹೇಗೆ

ಓದಿ ಮುಗಿಸಿದ ದಿನವೇ ಬರೆಯಲು ಕೂರಬೇಡಿ. ಸಿಟ್ಟಿನಲ್ಲಿ ಬರೆದರೆ ಬರೀ ಬೈಗುಳ ಆಗುತ್ತದೆ. ಎಲ್ಲಿ ನಿರಾಸೆ ಆಯಿತು ಅಂತ ತೋರಿಸದಿದ್ದರೆ ಓದುವವರಿಗೆ ಏನು ಸಿಕ್ಕ ಹಾಗಾಯಿತು?

ನಾನು ಮೊದಲು ಆ ಪುಟ ಹುಡುಕುತ್ತೇನೆ. ಈಚೆಗೆ ಓದಿದ ಕಾದಂಬರಿಯಲ್ಲಿ ಅದು ಹುಡುಗಿಯ ಹುಟ್ಟುಹಬ್ಬದ ಪುಟ. ಅಮೆರಿಕದಲ್ಲಿ ಅಕ್ಕಪಕ್ಕ ಇರುವ ಎರಡು ಭಾರತೀಯ ಮನೆಗಳು. ಹುಡುಗ ಅಲ್ಲೇ ಹುಟ್ಟಿದವನು, ಅಲ್ಲಿನ ಪ್ರಜೆ. ಹುಡುಗಿಯ ಅಪ್ಪ ಎಚ್-1ಬಿ ಅನ್ನುವ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಇರುವವನು; ಅವಳು ಅಂಥವರ ಸಂಗಾತಿ, ಮಕ್ಕಳಿಗೆ ಸಿಗುವ ಎಚ್-4 ವೀಸಾದಲ್ಲಿ ಇರುವವಳು. ಅವಳಿಗೆ 21 ತುಂಬುತ್ತದೆ. ಕೇಕು, ಹಾಡು, ಪಾರ್ಕಿಂಗ್ ಜಾಗದಲ್ಲಿ ಕದ್ದ ಮುತ್ತು. ಅಧ್ಯಾಯ ಮುಗಿಯಿತು.

ಆದರೆ 21 ತುಂಬಿದರೆ ಮಕ್ಕಳ ಎಚ್-4 ನಡೆಯುವುದಿಲ್ಲ, ಅಲ್ವಾ? ವಿದ್ಯಾರ್ಥಿ ವೀಸಾಕ್ಕೋ ಇನ್ನೊಂದಕ್ಕೋ ಬದಲಾಗಬೇಕು, ಇಲ್ಲ ದೇಶ ಬಿಡಬೇಕು. ಆ ಭಯದಲ್ಲಿ ಅವಳು ಅವನಿಗೆ ಇನ್ನೂ ಅಂಟಿಕೊಳ್ಳುತ್ತಾಳಾ, ದೂರ ಸರಿಯುತ್ತಾಳಾ? ಮದುವೆಯಾದರೆ ಗ್ರೀನ್ ಕಾರ್ಡಿಗೆ, ಅಂದರೆ ಅಲ್ಲೇ ಕಾಯಂ ಇರುವ ಅನುಮತಿಗೆ, ದಾರಿಯಾಗುತ್ತದೆ ಅನ್ನುವುದು ಹುಡುಗನ ಅಮ್ಮನಿಗೆ ಹೊಳೆದರೆ, ಆಮೇಲೆ ಆ ಹುಡುಗಿಯನ್ನು ಯಾವ ಕಣ್ಣಿಂದ ನೋಡುತ್ತಾಳೆ? ಕಥೆ ಅಲ್ಲೇ ಕೈಯಲ್ಲಿತ್ತು. ಲೇಖಕರು ಅದನ್ನು ಬಿಟ್ಟು ಮುಂದೆ ಹೋದರು. ಇಂಥ ಒಂದು ಜಾಗ ಹಿಡಿದು ಇಡೀ ಪ್ಯಾರಾ ಬರೆಯಿರಿ. 'ಪಾತ್ರಗಳಲ್ಲಿ ಜೀವ ಇಲ್ಲ' ಅಂತ ಸುಮ್ನೆ ಬರೆಯುವುದಕ್ಕಿಂತ ಅದು ಎಷ್ಟೋ ಮೇಲು.

ಕಥೆ ನಡೆಯುವ ವರ್ಷವನ್ನೂ ನೋಡಿ. 2015ಕ್ಕೆ ಮುಂಚೆ ಎಚ್-4ನಲ್ಲಿದ್ದ ಹೆಂಡತಿ ಅಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಆ ವರ್ಷದಿಂದ, ಗ್ರೀನ್ ಕಾರ್ಡಿನ ದಾರಿಯಲ್ಲಿ ಒಂದು ಹಂತ ದಾಟಿದವರ ಸಂಗಾತಿಗಳಿಗೆ ಮಾತ್ರ ಅವಕಾಶ ಸಿಕ್ಕಿತು. 2008ರ ಕಥೆಯಲ್ಲಿ ಅಮ್ಮ ಅದೇ ವೀಸಾದಲ್ಲಿ ಆರಾಮಾಗಿ ಆಫೀಸಿಗೆ ಹೋಗುತ್ತಿದ್ದರೆ ಅದನ್ನು ಎತ್ತಿ ಹೇಳಿ. ಓದಿದ ಹೆಂಗಸು ವರ್ಷಗಟ್ಟಲೆ ಮನೆಯಲ್ಲೇ ಕೂತ ಸಂಕಟ ಪೂರ್ತಿ ತಪ್ಪಿಹೋಗಿರುತ್ತದೆ.

ಪ್ರೀತಿಗೆ ಒಂದೇ ಪರೀಕ್ಷೆ ಸಾಕು. ಅಪ್ಪ-ಅಮ್ಮನ ವಿರೋಧ ಇಲ್ಲ ಅಂದುಕೊಳ್ಳಿ. ಆಗಲೂ ಆ ಇಬ್ಬರಿಗೆ ಮಾತಾಡಲು ಏನಾದರೂ ಉಳಿಯುತ್ತದಾ?

ಚೆನ್ನಾಗಿರುವುದನ್ನು ಬಿಡಬೇಡಿ. ಅದೇ ಕಾದಂಬರಿಯಲ್ಲಿ ಅಪ್ಪ ವೀಸಾ ಕಾಗದಗಳ ಫೈಲನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಾನೆ. ದಿನಾ ಮಲಗುವ ಮುಂಚೆ ಮುಟ್ಟಿ ನೋಡುತ್ತಾನೆ. ಇಷ್ಟು ಚೆನ್ನಾಗಿ ಬರೆಯಬಲ್ಲವರು ಅಂತಲೇ ನನಗೆ ಬೇಜಾರು ಜಾಸ್ತಿ ಆಗಿದ್ದು. ಅದನ್ನೂ ವಿಮರ್ಶೆಯಲ್ಲಿ ಹೇಳಬೇಕು.

ಕೊನೆ ಏನಾಗುತ್ತದೆ ಅಂತ ಬಿಟ್ಟುಕೊಡಬೇಡಿ. ಲೇಖಕರ ಸ್ವಂತ ಬದುಕಿನ ಬಗ್ಗೆ ಊಹೆಯೂ ಬೇಡ. ಈ ಪುಸ್ತಕ ಯಾರಿಗೆ ಹಿಡಿಸಬಹುದು ಅಂತ ಒಂದು ಸಾಲು ಹಾಕಿ, ಸಾಕು.