ಕಾರಿನ ಚರ್ಮದ ಸೀಟು: ಎಣ್ಣೆ ಬಿಡಿ, ಕೊಳೆ ತೆಗೆಯಿರಿ

ಒಣಗಿದ್ದಕ್ಕೇ ಚರ್ಮದ ಸೀಟು ಬಿರುಕು ಬಿಡುತ್ತದೆ ಎಂದು ನಂಬಿ ಕೊಬ್ಬರಿ ಎಣ್ಣೆ ಸವರುವವರು ಬಹಳ. ಆದರೆ ಈಗಿನ ಬಹುತೇಕ ಕಾರುಗಳಲ್ಲಿ ಕೈಗೆ ತಾಗುವುದು ಚರ್ಮವಲ್ಲ. ಚರ್ಮದ ಮೇಲೆ ಬಣ್ಣ, ಬಣ್ಣದ ಮೇಲೆ ತೆಳ್ಳನೆಯ ಪಾಲಿಯುರೆಥೇನ್ ಲೇಪ, ನಾವು ಮುಟ್ಟುವುದು ಆ ಲೇಪವನ್ನು. ಎಣ್ಣೆ ಅದನ್ನು ದಾಟಿ ಒಳಗಿಳಿಯುವುದಿಲ್ಲ. ಮೇಲೆಯೇ ಕೂತು ದೂಳು ಹಿಡಿಯುತ್ತದೆ, ಬಟ್ಟೆಗೆ ಮೆತ್ತುತ್ತದೆ, ಕೊನೆಗೆ ಕಮಟು ವಾಸನೆ ಹೊಡೆಯುತ್ತದೆ. ಲೇಪವನ್ನು ನಿಜವಾಗಿ ತಿನ್ನುವುದು ದೂಳು ಮತ್ತು ಮೈಯ ಜಿಡ್ಡು. ಚಾಲಕನ ಸೀಟಿನಲ್ಲಿ ಬಾಗಿಲ ಕಡೆಯ ಉಬ್ಬು ಎಲ್ಲಕ್ಕಿಂತ ಮೊದಲು ಸವೆಯುವುದು ಇದರಿಂದಲೇ. ಹತ್ತಿ ಇಳಿಯುವಾಗಲೆಲ್ಲ ಪ್ಯಾಂಟು ಅಲ್ಲಿ ಉಜ್ಜುತ್ತದೆ, ನಡುವೆ ಸಿಕ್ಕ ಮಣ್ಣಿನ ಕಣ ಮರಳು ಕಾಗದದ ಕೆಲಸ ಮಾಡುತ್ತದೆ.

ಸೀಟು ಚರ್ಮದ್ದೇ ಹೌದೋ ಅಲ್ಲವೋ ಮೊದಲು ನೋಡಿಕೊಳ್ಳಿ. ಲೆದರ್ ಎಂಬ ಹೆಸರಲ್ಲಿ ಓಡಾಡುವ ಸೀಟುಗಳಲ್ಲಿ ಎಷ್ಟೋ ಲೆದರೆಟ್, ಅಂದರೆ ರೆಗ್ಸಿನ್ನಿನ ಬಳಗ. ಸೀಟಿನಡಿ ಬಿಡಿಯಾಗಿರುವ ಅಂಚನ್ನು ತಿರುವಿ ನೋಡಿ. ಒಳಮೈ ನಾರುನಾರಾಗಿದ್ದರೆ ಚರ್ಮ, ನೇಯ್ದ ಬಟ್ಟೆ ಕಂಡರೆ ಲೆದರೆಟ್. ಕೂರುವ ಜಾಗ ಮಾತ್ರ ಚರ್ಮ, ಪಕ್ಕ ಮತ್ತು ಬೆನ್ನು ಲೆದರೆಟ್ ಆಗಿರುವುದೂ ಉಂಟು. ತೊಳೆಯುವ ಕ್ರಮ ಎರಡಕ್ಕೂ ಒಂದೇ. ಕಾಣದ ಮೂಲೆಯಲ್ಲಿ ಒಂದು ಹನಿ ನೀರು ಬಿಟ್ಟಾಗ ಅದು ಹೀರಿಕೊಂಡು ಜಾಗ ಕಪ್ಪಾದರೆ ಮಾತ್ರ ಕೈ ತಡೆಯಿರಿ. ಅದು ಲೇಪವಿಲ್ಲದ ಅನಿಲಿನ್ ಚರ್ಮ, ಈ ವಿಧಾನ ಅದಕ್ಕೆ ಹೊಂದುವುದಿಲ್ಲ.

ಬೇಕಾದದ್ದು

ಆರು ಮೈಕ್ರೋಫೈಬರ್ ಬಟ್ಟೆ, ಕುದುರೆ ಕೂದಲಿನ ಅಥವಾ ಅಷ್ಟೇ ಮೆತ್ತಗಿನ ಬ್ರಷ್, ವ್ಯಾಕ್ಯೂಮ್ ಕ್ಲೀನರ್, ಲೆದರ್ ಕ್ಲೀನರ್. ಐದು ಸೀಟಿನ ಕಾರಿಗೆ ಸುಮಾರು 100 ಮಿ.ಲೀ. ಕ್ಲೀನರ್ ಸಾಕು. ಅದು ಸಿಗದಿದ್ದರೆ ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಬೇಬಿ ಶಾಂಪೂ ಬೆರೆಸಿಕೊಳ್ಳಿ. ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಹೊಲಿಗೆಗುಂಟ ಬಿಳಿ ಉಪ್ಪು ಉಳಿಯುತ್ತದೆ. ಆರ್‌ಒ ನೀರು ಒಳ್ಳೆಯದು. ಬಟ್ಟೆ ಸೋಪು, ಸೋಡಾ ಪುಡಿ ಕ್ಷಾರ, ಚರ್ಮ ತುಸು ಆಮ್ಲೀಯ. ಅವು ಚರ್ಮಕ್ಕೆ ಹೊಂದುವುದಿಲ್ಲ.

ಕೆಲಸದ ಕ್ರಮ

ಕಾರು ನೆರಳಲ್ಲಿರಲಿ, ಸೀಟು ಮುಟ್ಟಿದರೆ ತಣ್ಣಗಿರಲಿ. ಬಿಸಿ ಸೀಟಿನ ಮೇಲೆ ಕ್ಲೀನರ್ ಒರೆಸುವ ಮೊದಲೇ ಒಣಗಿ ಕಲೆಗಟ್ಟುತ್ತದೆ.

ಸೀಟನ್ನು ಹಿಂದೆ ಮುಂದೆ ಸರಿಸಿ, ಬೆನ್ನು ಬಾಗಿಸಿ, ಸಂದುಗಳನ್ನೆಲ್ಲ ವ್ಯಾಕ್ಯೂಮ್ ಮಾಡಿ. ಈ ಹಂತ ಬಿಟ್ಟು ಬ್ರಷ್ ಹಿಡಿದರೆ ಮಣ್ಣನ್ನೇ ಹಾಕಿ ಉಜ್ಜಿದಂತಾಗುತ್ತದೆ.

ಕ್ಲೀನರ್ ಅನ್ನು ಬ್ರಷ್ಷಿಗೆ ಹಾಕಿ, ಸೀಟಿಗೆ ನೇರವಾಗಿ ಸಿಂಪಡಿಸಬೇಡಿ. ಗಾಳಿ ಬರುವ ಸೀಟುಗಳ ಸಣ್ಣ ತೂತುಗಳಲ್ಲಿ ದ್ರವ ಇಳಿದರೆ ಒಳಗಿನ ಸ್ಪಂಜು ನೆನೆಯುತ್ತದೆ, ಅಡಿಯಲ್ಲಿ ವೈರುಗಳೂ ಸೆನ್ಸರುಗಳೂ ಇರುತ್ತವೆ. ಒಂದು ಸಲಕ್ಕೆ ಒಂದು ಅಡಿ ಚೌಕದಷ್ಟು ಜಾಗ ಮಾತ್ರ ಹಿಡಿಯಿರಿ. ನೊರೆ ಬರುವ ಹಾಗೆ ಹಗುರವಾಗಿ, ಸುತ್ತುಸುತ್ತಾಗಿ ಬ್ರಷ್ ಆಡಿಸಿ. ನೊರೆ ಕಂದಾದರೆ ಕೊಳೆ ಬಿಡುತ್ತಿದೆ ಎಂದರ್ಥ. ಒಣಗಲು ಬಿಡದೆ ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಹಿಂದೆಯೇ ಒಣಬಟ್ಟೆ. ಬಟ್ಟೆಯ ಕೊಳೆಯಾದ ಮಗ್ಗಲನ್ನು ತಿರುವುತ್ತಿರಿ. ಬಾಗಿಲ ಕಡೆಯ ಉಬ್ಬಿಗೂ ತಲೆ ಒರಗುವ ದಿಂಬಿಗೂ ಎರಡು ಸುತ್ತು ಬೇಕು. ತಲೆಗೆ ಎಣ್ಣೆ ಹಚ್ಚುವ ಮನೆಗಳ ಕಾರಿನಲ್ಲಿ ದಿಂಬು ಅಂಟಂಟಾಗಿ ಬಣ್ಣ ಬಿಡುವುದು ಸಾಮಾನ್ಯ. ಜಿಡ್ಡು ತಿಂಗಳುಗಟ್ಟಲೆ ಕೂತರೆ ಲೇಪವೇ ಮೆತ್ತಗಾಗುತ್ತದೆ, ಆಮೇಲೆ ಯಾವ ಕ್ಲೀನರಿಗೂ ಬಗ್ಗುವುದಿಲ್ಲ.

ತೊಳೆದ ಸೀಟು ಮಿಂಚಬಾರದು. ಹೊಸ ಸೀಟು ಮಂದವಾಗಿಯೇ ಇರುತ್ತದೆ, ಹೊಳಪೆಂದರೆ ಬಹಳ ಸಲ ಜಿಡ್ಡು.

ಅರ್ಧ ಗಂಟೆ ಬಾಗಿಲು ತೆರೆದಿಟ್ಟು ಒಣಗಿಸಿ. ಹೇರ್ ಡ್ರೈಯರ್ ಹಿಡಿಯಬೇಡಿ, ಬಿಸಿಗೆ ಚರ್ಮ ಕುಗ್ಗುತ್ತದೆ. ಆಮೇಲೆ ನೀರು ಆಧಾರದ ಲೆದರ್ ಪ್ರೊಟೆಕ್ಟೆಂಟ್ ತೆಗೆದುಕೊಳ್ಳಿ, ಇಡೀ ಕಾರಿಗೆ 40 ಮಿ.ಲೀ. ಆಸುಪಾಸು. ಸ್ಪಂಜಿನ ಪ್ಯಾಡಿನಿಂದ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿ ತೆಗೆಯಿರಿ, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಯಾರೂ ಕೂರದಿರಲಿ. ಹೊಸ ಜೀನ್ಸಿನ ನೀಲಿ ತಿಳಿ ಬಣ್ಣದ ಸೀಟಿಗೆ ಹತ್ತುವುದನ್ನು ಇದು ಬಹುಮಟ್ಟಿಗೆ ತಡೆಯುತ್ತದೆ. ಚಾಲಕನ ಸೀಟಿಗೆ ಮೂರು ತಿಂಗಳಿಗೊಮ್ಮೆ, ಹಿಂದಿನದಕ್ಕೆ ಆರು ತಿಂಗಳಿಗೊಮ್ಮೆ. ಡ್ಯಾಶ್‌ಬೋರ್ಡಿಗೆ ಹಚ್ಚುವ ಸಿಲಿಕೋನ್ ಪಾಲಿಶ್ ಸೀಟಿಗೆ ತಾಗಿಸಬೇಡಿ, ಜಾರುತ್ತದೆ. ಸ್ಟೀರಿಂಗಿಗಂತೂ ಅಪಾಯ.

ಮಳೆಗಾಲದ ಬೂಷ್ಟು

ಕರಾವಳಿ, ಮಲೆನಾಡಿನಲ್ಲಿ ವಾರಗಟ್ಟಲೆ ನಿಂತ ಕಾರಿನ ಸೀಟಿನ ಮೇಲೆ ಬಿಳಿ ಹಸಿರು ಬೂಷ್ಟು ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಥೆ. ಒಣಬಟ್ಟೆಯಿಂದ ಜಾಡಿಸಿದರೆ ಅದರ ಬೀಜಕಣ ಕಾರಿನ ತುಂಬ ಹರಡುತ್ತದೆ. ಮಾಸ್ಕ್ ಹಾಕಿಕೊಂಡು, ಎಲ್ಲ ಬಾಗಿಲು ತೆರೆದು, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಬಟ್ಟೆಯನ್ನು ಪ್ರತಿ ಸಲ ಬದಲಿಸಿ. ಉಳಿದ ಕಲೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆಗೆ ತಾಗಿಸಿ, ಒಂದೇ ಸಲ ಒರೆಸಿ. ಉಜ್ಜಿದರೆ ಆಲ್ಕೊಹಾಲ್ ಬಣ್ಣವನ್ನೇ ಎತ್ತುತ್ತದೆ. ಹಾಗಾಗಿ ಮೊದಲು ಸೀಟಿನಡಿಯ ಮೂಲೆಯಲ್ಲಿ ಪರೀಕ್ಷಿಸಿ. ಹ್ಯಾಂಡ್ ಸ್ಯಾನಿಟೈಸರ್ ಬಿದ್ದರೂ ಇದೇ ಹಾನಿ.

ವಾರದೊಳಗೆ ಬೂಷ್ಟು ಮರಳಿದರೆ ಸೀಟನ್ನು ದೂರಬೇಡಿ, ಕಾಲಡಿಯ ಕಾರ್ಪೆಟ್ ಎತ್ತಿ ಒತ್ತಿ ನೋಡಿ. ಸನ್‌ರೂಫಿನ ನೀರು ಹೋಗುವ ಕೊಳವೆಯಲ್ಲಿ ಎಲೆ ಕಟ್ಟಿದ್ದರೂ ಬಾಗಿಲಿನ ರಬ್ಬರ್ ಸಡಿಲವಾಗಿದ್ದರೂ ನೀರು ಅಲ್ಲಿ ಸೇರುತ್ತದೆ. ಓಡಿಸುವಾಗ ಹೊರಗಿನ ಗಾಳಿ ಒಳಗೆ ಬರುವಂತೆ ಇಟ್ಟು ಎಸಿ ಹಾಕಿ, ತೇವ ಇಳಿಯುತ್ತದೆ. ಒದ್ದೆ ಛತ್ರಿ ಡಿಕ್ಕಿಯಲ್ಲಿರಲಿ.

ಪೆನ್ನಿನ ಗೆರೆಗೆ ನೇಲ್ ಪಾಲಿಶ್ ರಿಮೂವರ್ ಬಳಸಿದರೆ ಗೆರೆಯ ಜೊತೆ ಬಣ್ಣವೂ ಹೋಗುತ್ತದೆ. ಬಿಳಿ ಮೆಲಮೈನ್ ಸ್ಪಂಜು ಕಲೆ ತೆಗೆಯುವುದು ಮೇಲ್ಮೈಯನ್ನು ಹೆರೆಯುತ್ತಲೇ, ಅದರಿಂದ ದೂರವಿರಿ. ಆಗಲೇ ಬಿರುಕು ಬಿಟ್ಟಿದ್ದರೆ ಚರ್ಮ ಮೆತ್ತಗಾಗಲೆಂದು ಹಚ್ಚುವ ಕಂಡಿಷನರ್ ಅದನ್ನು ಮುಚ್ಚುವುದಿಲ್ಲ. ಫಿಲ್ಲರ್ ತುಂಬಿ ಬಣ್ಣ ಹೊಂದಿಸುವವರ ಹತ್ತಿರ ಒಯ್ಯಬೇಕು. ಕವರ್ ಹಾಕಿ ಮುಚ್ಚಿಬಿಡೋಣ ಎನ್ನುವ ಮುಂಚೆ ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಇದೆಯೇ ನೋಡಿ. ಇದ್ದರೆ ಆ ಜಾಗವನ್ನು ಬಿಗಿದು ಮುಚ್ಚುವ ಕವರ್ ಹಾಕುವಂತಿಲ್ಲ.